ಆರೋಗ್ಯದ ವೆಚ್ಚ, ಆದಾಯದ ತೆರಿಗೆ



ಮಾಗಡಿಯ ಸೀಮೆಯಲ್ಲಾಗಲಿ ಕನಕಪುರದ ಸೀಮೆಯಲ್ಲಾಗಲಿ ಹಳೆಯ ಒಕ್ಕಲು ಮನೆಯೊಂದನ್ನು ಹೊಕ್ಕು, ನಡುಮನೆಯ ಮೂಲೆಯಲ್ಲಿ ಕಂಬಳಿ ಹೊದಿಸಿ ಇರಿಸಿರುವ ತಗಡಿನ ಪೆಟ್ಟಿಗೆಯನ್ನು ತೆರೆದು ನೋಡುವ ಅವಕಾಶ ನಿಮಗೆ ದೊರೆತರೆ, ಅಲ್ಲಿ ಧಾರೆಸೀರೆಯ ಕೆಳಗೆ, ಕ್ರಯಪತ್ರ ಪಾಲುಪತ್ರಗಳ ಜೊತೆಯಲ್ಲಿ, ದಾರದಿಂದ ಬಿಗಿದ ಕಾಗದದ ಕಟ್ಟೊಂದು ಕಣ್ಣಿಗೆ ಬೀಳುವುದುಂಟು. ಅದು ಭೂಕಂದಾಯದ ರಸೀತಿಗಳ ಕಟ್ಟು. ಅಜ್ಜನು ತೆತ್ತ ಕಂದಾಯದ ರಸೀತಿಯನ್ನು ಮಗನು ಕಾಪಾಡಿ, ಮಗನು ತೆತ್ತದ್ದನ್ನು ಮೊಮ್ಮಗನು ಕಾಪಾಡಿ, ಅಕ್ಷರ ಮಾಸಿದರೂ ಅಂಚು ಹರಿದರೂ ಒಂದನ್ನೂ ಬಿಸುಡದೆ ಉಳಿಸಿಕೊಂಡು ಬಂದಿರುವ ಆ ಕಟ್ಟಿನಲ್ಲಿ, ಸರ್ಕಾರಕ್ಕೆ ಕೊಟ್ಟ ಹಣಕ್ಕೆ ಸಾಕ್ಷಿಯಿರಬೇಕೆಂಬ ನಮ್ಮ ಜನದ ವಿವೇಕವು ಅಡಗಿದೆ. ಆದರೆ ಅದೇ ಮನೆಯಲ್ಲಿ, ಕಳೆದ ವರ್ಷ ಹಿರಿಯರ ಚಿಕಿತ್ಸೆಗಾಗಿ ವೆಚ್ಚವಾದ ಸಾವಿರಾರು ರೂಪಾಯಿಗಳ ಚೀಟಿಗಳೆಲ್ಲಿ ಎಂದು ಕೇಳಿದರೆ, ಮಾತ್ರೆ ಮುಗಿದ ದಿನವೇ ಅವೂ ಹೋದುವೆಂಬ ಉತ್ತರ ಬರುತ್ತದೆ.

ಇದನ್ನು ನಾನು ಪರರ ಮೇಲಣ ದೋಷಾರೋಪಣೆಯಾಗಿ ಹೇಳುತ್ತಿಲ್ಲ. ನನ್ನ ತಂದೆಯವರು ಎಪ್ಪತ್ತು ದಾಟಿದ ಮೇಲೆ ಅಸ್ವಸ್ಥರಾಗಿ, ಎರಡು ವರ್ಷಗಳ ಕಾಲ ಆಸ್ಪತ್ರೆಗೂ ಮನೆಗೂ ನಡುವೆ ಓಡಾಡುವಂತಾದಾಗ, ಅವರ ಹೆಸರಿನಲ್ಲಿ ವಿಮೆಯೆಂಬುದು ಇರಲಿಲ್ಲ. ವೆಚ್ಚವನ್ನೆಲ್ಲ ನಾನು ಕೈಯಿಂದ ನಗದಾಗಿ ಎಣಿಸಿ ಕೊಟ್ಟೆನು. ಚೀಟಿಯನ್ನು ಕೇಳುವ ಯೋಚನೆ ಆ ಆತಂಕದಲ್ಲಿ ಬರಲಿಲ್ಲ. ಅನಂತರ ತೆರಿಗೆಯ ಲೆಕ್ಕ ಒಪ್ಪಿಸುವ ಕಾಲ ಬಂದು, ನಮ್ಮ ಆಡಿಟರು, ‘ತಂದೆಯವರ ಔಷಧೋಪಚಾರಕ್ಕೆ ತಾವು ಬ್ಯಾಂಕಿನ ಮೂಲಕ ಏನಾದರೂ ತೆತ್ತದ್ದುಂಟೆ?’ ಎಂದು ಕೇಳಿದಾಗ, ಕಾನೂನು ನನಗಾಗಿ ತೆರೆದಿಟ್ಟಿದ್ದ ಒಂದು ಬಾಗಿಲನ್ನು ನಾನು ಕಾಣದೆ ಹಾದುಬಂದೆನೆಂಬುದು ತಿಳಿಯಿತು. ಆ ಬಾಗಿಲು ಎಲ್ಲಿದೆ, ಯಾರಿಗಾಗಿ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬುದನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನನ್ನ ನೆರೆಹೊರೆಯವರಿಗೆ ವಿವರಿಸಿ ಹೇಳುವುದೇ ಈ ಹೊತ್ತಿನ ನನ್ನ ಉದ್ದೇಶ. ಮಾಗಡಿಯ ಅವರೆಕಾಯಿ ಸಂತೆಗೆ ಬರುವ ಸೊಗಡಿನ ಕಾಲದಲ್ಲಿ ಆರ್ಥಿಕ ವರ್ಷ ಮುಗಿಯಲು ಕೆಲವೇ ತಿಂಗಳುಗಳು ಉಳಿದಿರುವುದರಿಂದ, ಈ ಮಾತಿಗೆ ಅದು ತಕ್ಕ ಸಮಯ.

ಮೊದಲು ಒಂದು ಪ್ರಶ್ನೆ: ಆದಾಯದ ಮೇಲಣ ತೆರಿಗೆಯನ್ನು ವಿಧಿಸುವವರು ಯಾರು? ಹಿಂದೆ ನಮ್ಮ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಆದಾಯ ತೆರಿಗೆಯ ಶಾಸನವಿತ್ತು. 1923ರ ಆ ಶಾಸನದ ಮೇರೆಗೆ ಇಲ್ಲಿನ ವರ್ತಕರೂ ನೌಕರರೂ ತಮ್ಮ ತೆರಿಗೆಯನ್ನು ಸಂಸ್ಥಾನದ ಬೊಕ್ಕಸಕ್ಕೇ ತೆರುತ್ತಿದ್ದರು. 1950ರ ಏಪ್ರಿಲ್ ತಿಂಗಳಿನಿಂದ, ಸಂಸ್ಥಾನಗಳ ಹಣಕಾಸು ವ್ಯವಸ್ಥೆಯು ಒಕ್ಕೂಟದಲ್ಲಿ ವಿಲೀನವಾದಾಗ, ಆ ಅಧಿಕಾರವು ದೆಹಲಿಗೆ ಸೇರಿತು. ಸಂವಿಧಾನವು ಕೃಷಿಯ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಮಾತ್ರ ರಾಜ್ಯಕ್ಕೆ ಬಿಟ್ಟು, ಉಳಿದ ಆದಾಯದ ತೆರಿಗೆಯನ್ನು ಕೇಂದ್ರಕ್ಕೆ ವಹಿಸಿತು. ನಮ್ಮ ಸಂಬಳದಿಂದ ಪ್ರತಿ ತಿಂಗಳೂ ರಾಜ್ಯವು ಮುರಿದುಕೊಳ್ಳುವ ವೃತ್ತಿ ತೆರಿಗೆಯು ವರ್ಷಕ್ಕೆ 2,500 ರೂಪಾಯಿಗಳನ್ನು ಮೀರಲಾರದ ಬೇರೊಂದು ತೆರಿಗೆ. ಅದರಲ್ಲಿ ವಿಮೆಯ ಕಂತಿಗೆ ಯಾವ ಕಳೆತವೂ ಇಲ್ಲ. ಆದುದರಿಂದ 2025-26ರವರೆಗಿನ ಲೆಕ್ಕಕ್ಕೆ ನಾವು ಅರಸಬೇಕಾದ ನಿಯಮವು ಕೇಂದ್ರದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿದೆ. ಅದರ ಹೆಸರು ಸೆಕ್ಷನ್ 80ಡಿ.

1986ರ ಹಣಕಾಸು ಕಾಯ್ದೆಯ ಮೂಲಕ ಸೇರ್ಪಡೆಯಾದ ಈ ಸೆಕ್ಷನ್ನಿನ ತತ್ತ್ವ ಸರಳವಾದದ್ದು. ಒಬ್ಬನು ತನ್ನ, ತನ್ನ ಪತ್ನಿಯ ಅಥವಾ ಪತಿಯ, ತನ್ನನ್ನು ಅವಲಂಬಿಸಿದ ಮಕ್ಕಳ ಆರೋಗ್ಯ ವಿಮೆಗಾಗಿ ತೆತ್ತ ಪ್ರೀಮಿಯಂ ಹಣವನ್ನು, ವರ್ಷಕ್ಕೆ 25,000 ರೂಪಾಯಿಗಳ ಮಿತಿಯವರೆಗೆ, ತೆರಿಗೆಗೆ ಒಳಪಡುವ ಆದಾಯದಿಂದ ಕಳೆದುಕೊಳ್ಳಬಹುದು. ವಿಮೆಗೆ ಒಳಪಟ್ಟವರಲ್ಲಿ ಒಬ್ಬರಿಗಾದರೂ ಅರವತ್ತು ವರ್ಷ ತುಂಬಿದ್ದರೆ ಆ ಮಿತಿ 50,000. ಇದಲ್ಲದೆ ತಂದೆತಾಯಿಗಳ ವಿಮೆಗಾಗಿ ತೆತ್ತ ಹಣಕ್ಕೆ ಬೇರೆಯಾದ 25,000, ಅವರು ಅರವತ್ತು ದಾಟಿದವರಾದರೆ 50,000 ರೂಪಾಯಿಗಳ ಮಿತಿಯುಂಟು. ಈ ಮಿತಿಗಳೊಳಗೇ, ರೋಗ ಬರುವ ಮುನ್ನ ಮಾಡಿಸಿಕೊಳ್ಳುವ ತಪಾಸಣೆಗೆ 5,000 ರೂಪಾಯಿಗಳವರೆಗೆ ಅವಕಾಶವಿದೆ. ತಪಾಸಣೆಯ ಹಣವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಚೆಕ್ಕು, ಬ್ಯಾಂಕು, ಮೊಬೈಲ್ ಪಾವತಿ ಮೊದಲಾದ ಮಾರ್ಗದಿಂದ ಕೊಟ್ಟಿರಬೇಕು, ನಗದು ಸಲ್ಲದು. ನಾನು ಎಡವಿದ್ದು ಈ ಒಂದು ಮಾತಿನಲ್ಲಿಯೇ.

ಇಲ್ಲಿ ಅನೇಕರಿಗೆ ಒಂದು ಭ್ರಾಂತಿಯುಂಟು. 25,000 ರೂಪಾಯಿ ಪ್ರೀಮಿಯಂ ಕಟ್ಟಿದರೆ 25,000 ರೂಪಾಯಿ ತೆರಿಗೆಯೇ ಉಳಿಯಿತೆಂದು ಅವರು ತಿಳಿಯುತ್ತಾರೆ. ಹಾಗಲ್ಲ, ಕಳೆಯುವುದು ಆದಾಯದಿಂದಲೇ ಹೊರತು ತೆರಿಗೆಯಿಂದಲ್ಲ. ಚನ್ನಪಟ್ಟಣದ ಒಬ್ಬ ಬ್ಯಾಂಕ್ ನೌಕರರು ತಮ್ಮ ಸಂಸಾರಕ್ಕೆ 25,000, ವೃದ್ಧ ತಂದೆತಾಯಿಗಳಿಗೆ 50,000, ಒಟ್ಟು 75,000 ರೂಪಾಯಿ ಪ್ರೀಮಿಯಂ ತೆತ್ತರೆಂದು ಭಾವಿಸೋಣ. ಹಳೆಯ ತೆರಿಗೆ ಪದ್ಧತಿಯಲ್ಲಿ (ಹೊಸದರ ಮಾತು ಮುಂದೆ ಬರುವುದು) ಶೇಕಡ 20ರ ಹಂತದಲ್ಲಿರುವ ಅವರಿಗೆ ಉಳಿಯುವ ತೆರಿಗೆ 15,000 ರೂಪಾಯಿ. ಅದರ ಮೇಲಣ ಶೇಕಡ 4ರ ಸೆಸ್ಸನ್ನೂ ಸೇರಿಸಿದರೆ 15,600. ಶೇಕಡ 30ರ ಹಂತದಲ್ಲಿದ್ದರೆ 23,400. ಉಳಿದ ಹಣವನ್ನು ಅವರೇ ಹೊತ್ತಂತಾಯಿತು. ಆದುದರಿಂದ ತೆರಿಗೆಯನ್ನು ಉಳಿಸುವುದಕ್ಕಾಗಿಯೇ ವಿಮೆ ಮಾಡಿಸುವವನು ಲೆಕ್ಕದಲ್ಲಿ ಸೋಲುತ್ತಾನೆ. ಆರೋಗ್ಯಕ್ಕಾಗಿ ವಿಮೆ ಮಾಡಿಸಿದವನಿಗೆ ತೆರಿಗೆಯ ಉಳಿತಾಯವು ಹೊರೆಯನ್ನು ತುಸು ಹಗುರ ಮಾಡುತ್ತದೆ.

ಪರದೇಶಗಳ ಪದ್ಧತಿಯೊಡನೆ ಹೋಲಿಸಿದರೆ ನಮ್ಮ ನಿಯಮದ ಸ್ವರೂಪ ಇನ್ನೂ ಸ್ಪಷ್ಟವಾಗುವುದು. ಅಮೆರಿಕದಲ್ಲಿ ಕೇಂದ್ರವೂ ಆದಾಯ ತೆರಿಗೆ ವಿಧಿಸುತ್ತದೆ, ಬಹುಪಾಲು ಸಂಸ್ಥಾನಗಳೂ ಪ್ರತ್ಯೇಕವಾಗಿ ವಿಧಿಸುತ್ತವೆ. ನಮ್ಮ ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ನ್ಯೂಜೆರ್ಸಿಯಲ್ಲಿ, ವೈದ್ಯಕೀಯ ವೆಚ್ಚವು ಒಟ್ಟು ಆದಾಯದ ಶೇಕಡ 2ನ್ನು ಮೀರಿದ ಮೇಲೆ, ಮೀರಿದ ಭಾಗವನ್ನು ಮಾತ್ರ ಕಳೆಯುವರು. ಅಲ್ಲಿನ ಕೇಂದ್ರದ ತೆರಿಗೆಯಲ್ಲಿ ಆ ಗೆರೆ ಶೇಕಡ 7.5. ಅಲ್ಲಿ ಹೊಸ್ತಿಲನ್ನು ದಾಟಿದವನಿಗೆ ಪ್ರವೇಶ. ಇಲ್ಲಿ ಹೊಸ್ತಿಲೇ ಇಲ್ಲ, ಆದರೆ ಸೂರು ತಗ್ಗಿನದು. ಅಲ್ಲಿನ ನಿಯಮವು ಮಹಾವ್ಯಾಧಿಯಿಂದ ಜರ್ಜರಿತನಾದವನನ್ನು ನೆನೆದು ಮಾಡಿದ್ದು. ಇಲ್ಲಿನದು ಮೊದಲೇ ಎಚ್ಚತ್ತು ಕಂತು ಕಟ್ಟಿದವನನ್ನು ನೆನೆದು ಮಾಡಿದ್ದು.

ಈ ಸೆಕ್ಷನ್ನಿನಲ್ಲಿ ನನ್ನ ಮನಸ್ಸನ್ನು ಮುಟ್ಟಿದ ಅಂಶವೆಂದರೆ ತಂದೆತಾಯಿಗಳ ವಿಷಯದಲ್ಲಿ ಕಾನೂನು ತೋರಿರುವ ಔದಾರ್ಯ. ಮಕ್ಕಳಾದರೆ ತೆರಿಗೆದಾರನನ್ನು ಅವಲಂಬಿಸಿರಬೇಕು. ತಂದೆತಾಯಿಗಳು ಅವಲಂಬಿಸಿರಬೇಕೆಂಬ ಕಟ್ಟುಪಾಡಿಲ್ಲ. ಕನಕಪುರದ ಬಳಿಯ ಹಳ್ಳಿಯೊಂದರಲ್ಲಿ ಎರಡೆಕರೆ ಹಿಪ್ಪುನೇರಳೆ ತೋಟವನ್ನೂ ನಾಲ್ಕು ಸಾಲು ತೆಂಗನ್ನೂ ಇಟ್ಟುಕೊಂಡು, ‘ನಾನು ಯಾರ ಹಂಗಿನಲ್ಲಿಯೂ ಇಲ್ಲ’ ಎಂದು ತಲೆಯೆತ್ತಿ ಬಾಳುವ ತಂದೆಯನ್ನು, ಮಗನು ಕಾಗದದಲ್ಲಿ ತನ್ನ ಅವಲಂಬಿತನೆಂದು ಬರೆಯಬೇಕಾದ ಪ್ರಸಂಗವನ್ನು ಈ ನಿಯಮವು ತಪ್ಪಿಸಿದೆ. ಬಿಡದಿಯ ಕಾರ್ಖಾನೆಯಲ್ಲೋ ಬೆಂಗಳೂರಿನ ಕಚೇರಿಯಲ್ಲೋ ದುಡಿಯುವ ಮಗನು ಅಥವಾ ಮಗಳು, ಆ ತಂದೆಯ ವಿಮೆಯ ಕಂತನ್ನು ತನ್ನ ಖಾತೆಯಿಂದ ತೆತ್ತರೆ ಸಾಕು. ಕಳೆತ ಅವರಿಗೆ ಸಲ್ಲುವುದು. ಮಗಳೆಂಬ ಮಾತನ್ನು ಬುದ್ಧಿಪೂರ್ವಕವಾಗಿಯೇ ಆಡಿದೆನು. ಮದುವೆಯಾದ ಮಗಳು ತನ್ನ ಹೆತ್ತವರಿಗೆ ತೆತ್ತ ಕಂತಿಗೂ ಇದೇ ಹಕ್ಕು. ಆದರೆ ಅತ್ತೆಮಾವಂದಿರಿಗೆ ಸೊಸೆ ಅಥವಾ ಅಳಿಯ ತೆತ್ತದ್ದಕ್ಕೆ, ಅಣ್ಣತಮ್ಮಂದಿರಿಗೆ ತೆತ್ತದ್ದಕ್ಕೆ ಇಲ್ಲಿ ಎಡೆಯಿಲ್ಲ. ಒಂದೇ ಸೂರಿನಡಿ ಬಾಳುವ ಕೂಡು ಕುಟುಂಬಗಳಲ್ಲಿ ಯಾರ ವಿಮೆಯನ್ನು ಯಾರ ಖಾತೆಯಿಂದ ಕಟ್ಟಬೇಕೆಂಬುದನ್ನು ಮೊದಲೇ ಕೂತು ನಿಶ್ಚಯಿಸುವುದು ಇದರಿಂದ ಅವಶ್ಯವಾಗುತ್ತದೆ.

ವಿಮೆಯೇ ದೊರೆಯದ ಹಿರಿಯರ ಗತಿಯೇನು? ವಯಸ್ಸು ಮೀರಿದ ಮೇಲೆ, ಸಕ್ಕರೆ ಕಾಯಿಲೆ ರಕ್ತದೊತ್ತಡಗಳು ನೆಲೆಯೂರಿದ ಮೇಲೆ, ಕಂತು ಕೈಗೆಟುಕದಷ್ಟು ಏರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದನ್ನರಿತು 2018ರ ತಿದ್ದುಪಡಿಯು, ಅರವತ್ತು ತುಂಬಿದ, ಯಾವ ಆರೋಗ್ಯ ವಿಮೆಯೂ ಇಲ್ಲದ ನಿವಾಸಿಗಳಿಗಾಗಿ ಮಾಡಿದ ವೈದ್ಯಕೀಯ ವೆಚ್ಚವನ್ನೇ 50,000 ರೂಪಾಯಿಗಳವರೆಗೆ ಕಳೆದುಕೊಳ್ಳಬಹುದೆಂದು ವಿಧಿಸಿತು. ವೈದ್ಯಕೀಯ ವೆಚ್ಚವೆಂದರೆ ಯಾವುದೆಂಬ ವ್ಯಾಖ್ಯಾನವನ್ನು ಆ ಸೆಕ್ಷನ್ ಕೊಟ್ಟಿಲ್ಲ. ಆದುದರಿಂದಲೇ ವೈದ್ಯರ ಶುಲ್ಕ, ಔಷಧಿ, ರಕ್ತಪರೀಕ್ಷೆ ಮುಂತಾದ ಪ್ರತಿಯೊಂದಕ್ಕೂ ಹೆಸರು ದಿನಾಂಕಗಳಿರುವ ಬಿಲ್ಲನ್ನೂ, ವೈದ್ಯರ ಚೀಟಿಯನ್ನೂ, ಬ್ಯಾಂಕಿನ ಮೂಲಕ ತೆತ್ತ ಗುರುತನ್ನೂ ಒಂದೆಡೆ ಕೂಡಿಡುವುದು ವಿವೇಕ. ತಿಂಗಳು ತಿಂಗಳೂ ತಪ್ಪದ ಮಾತ್ರೆಗಳ ವೆಚ್ಚವೊಂದೇ ವರ್ಷದ ಕೊನೆಗೆ ದೊಡ್ಡ ಮೊತ್ತವಾಗಿ ನಿಲ್ಲುವುದನ್ನು ಕೂಡಿಸಿ ನೋಡಿದವರು ಬಲ್ಲರು.

ಇನ್ನೂ ಘೋರವಾದ ವ್ಯಾಧಿಗಳಿಗೆ ಸೆಕ್ಷನ್ 80ಡಿಡಿಬಿ ಇದೆ. ಅರ್ಬುದ ರೋಗ, ಮೂತ್ರಪಿಂಡಗಳ ದೀರ್ಘಕಾಲಿಕ ವೈಫಲ್ಯ, ಗೊತ್ತುಪಡಿಸಿದ ನರರೋಗಗಳು, ಹೀಮೋಫಿಲಿಯ, ಥಲಸ್ಸೀಮಿಯ ಮೊದಲಾದುವು ಅದರ ಪಟ್ಟಿಯಲ್ಲಿವೆ. ಮುಂಜಾನೆಯ ರೈಲಿನಲ್ಲಿ ರಾಮನಗರದಿಂದ ಹೊರಟು ಬೆಂಗಳೂರಿನ ಕಿದ್ವಾಯಿ ಅರ್ಬುದ ಆಸ್ಪತ್ರೆಯ ಮುಂದೆ ಸಾಲು ನಿಲ್ಲುವವರ ಮುಖಗಳನ್ನು ಬಲ್ಲವರಿಗೆ ಈ ಪಟ್ಟಿಯ ಅರ್ಥ ತಿಳಿಯುತ್ತದೆ. ತನಗೆ, ಅಥವಾ ತನ್ನನ್ನು ಅವಲಂಬಿಸಿದ ಪತಿಪತ್ನಿ, ಮಕ್ಕಳು, ತಂದೆತಾಯಿಗಳು, ಒಡಹುಟ್ಟಿದವರು, ಇವರಿಗೆ ಮಾಡಿಸಿದ ಚಿಕಿತ್ಸೆಗೆ 40,000, ರೋಗಿಯು ಅರವತ್ತು ತುಂಬಿದವರಾದರೆ 1,00,000 ರೂಪಾಯಿಗಳವರೆಗೆ ಕಳೆತವುಂಟು. ವಿಮೆಯಿಂದ ಬಂದ ಹಣವನ್ನು ಅದರಲ್ಲಿ ತಗ್ಗಿಸಬೇಕು. ತಜ್ಞ ವೈದ್ಯರ ಬರೆಹ ಕೈಯಲ್ಲಿರಬೇಕು. ಅವಲಂಬಿತರಲ್ಲಿ ಅಂಗವೈಕಲ್ಯವುಳ್ಳವರಿದ್ದು, ಅವರ ಪೋಷಣೆ ಚಿಕಿತ್ಸೆಗಳಿಗೆ ಹಣ ವೆಚ್ಚವಾಗಿದ್ದರೆ, ಆ ವೆಚ್ಚ ಎಷ್ಟೇ ಆಗಿರಲಿ, ಸೆಕ್ಷನ್ 80ಡಿಡಿ ಪ್ರಕಾರ 75,000, ವೈಕಲ್ಯವು ತೀವ್ರವಾದರೆ 1,25,000 ರೂಪಾಯಿಗಳ ಕಳೆತವಿದೆ. ವೈಕಲ್ಯದ ಪ್ರಮಾಣಪತ್ರವಿದ್ದೂ ಇದನ್ನು ಅರಿಯದೆ ವರ್ಷಗಟ್ಟಲೆ ಪೂರ್ಣ ತೆರಿಗೆ ತೆರುವ ಮನೆಗಳಿಗೆ ಈ ಸುದ್ದಿ ಮುಟ್ಟಲೆಂದು ನನ್ನ ಹಾರೈಕೆ.

ಇಷ್ಟನ್ನು ಹೇಳಿದ ಮೇಲೆ, ಇದರ ಮತ್ತೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. 2020ರಲ್ಲಿ ಹುಟ್ಟಿದ ಹೊಸ ತೆರಿಗೆ ಪದ್ಧತಿಯು 2023-24ರಿಂದ ಎಲ್ಲರಿಗೂ ಸಹಜ ಪದ್ಧತಿಯಾಗಿ, ಹಳೆಯದನ್ನು ಬಯಸುವವನು ಕೇಳಿ ಪಡೆಯಬೇಕಾದ ಸ್ಥಿತಿ ಬಂದಿದೆ. ನಾನು ಈವರೆಗೆ ಹೇಳಿದ ಕಳೆತಗಳಲ್ಲಿ ಒಂದಕ್ಕೂ ಹೊಸ ಪದ್ಧತಿಯಲ್ಲಿ ಸ್ಥಾನವಿಲ್ಲ. ಅದಕ್ಕೆ ಬದಲಾಗಿ ಅಲ್ಲಿ ದರಗಳು ಕಡಿಮೆ. 2025-26ರಲ್ಲಿ 12 ಲಕ್ಷ ರೂಪಾಯಿಗಳವರೆಗಿನ ಆದಾಯಕ್ಕೆ, ಸಂಬಳದಾರನಾದರೆ 12.75 ಲಕ್ಷದವರೆಗೆ, ತೆರಿಗೆಯೇ ಬೀಳದು. ಆದುದರಿಂದ ನಮ್ಮ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರು, ಗುಮಾಸ್ತರು, ಕಾರ್ಖಾನೆಯ ಕೆಲಸಗಾರರು, ಇವರಲ್ಲಿ ಅನೇಕರಿಗೆ ಹೊಸ ಪದ್ಧತಿಯೇ ಲಾಭಕರ. ಮನೆಸಾಲದ ಬಡ್ಡಿ, ಬಾಡಿಗೆ, ಭವಿಷ್ಯನಿಧಿ, ವಿಮೆ ಎಲ್ಲವೂ ಕೂಡಿ ದೊಡ್ಡ ಮೊತ್ತವಾದವರು ಎರಡನ್ನೂ ತೂಗಿ ನೋಡಬೇಕು. ಸಂಬಳದವರು ಪ್ರತಿವರ್ಷವೂ ಆಯ್ಕೆಯನ್ನು ಬದಲಿಸಬಹುದು. ವ್ಯಾಪಾರದ ಆದಾಯವುಳ್ಳವರು ಹಳೆಯದಕ್ಕೆ ಹೋಗಿ ಒಮ್ಮೆ ಹೊಸದಕ್ಕೆ ಮರಳಿದರೆ, ಆ ವ್ಯಾಪಾರ ನಡೆಯುವವರೆಗೂ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ. 2026ರ ಏಪ್ರಿಲ್ ಒಂದರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯು ಅನ್ವಯಿಸುವುದರಿಂದ, ಅಲ್ಲಿಂದ ಮುಂದೆ ಈ ಸೆಕ್ಷನ್ನುಗಳ ಸಂಖ್ಯೆಗಳು ಬೇರೆ.

ಇಲ್ಲಿಯೇ ಒಂದು ಅಪಾಯ ಇದೆ. ತೆರಿಗೆಯ ಲಾಭವಿಲ್ಲವೆಂದಾದೊಡನೆ, ‘ಇನ್ನು ವಿಮೆಯೇಕೆ?’ ಎಂದು ಕಂತನ್ನು ನಿಲ್ಲಿಸಿದವರನ್ನು ನಾನು ಬಲ್ಲೆ. ರೋಗವು ಬಾಗಿಲಿಗೆ ಬಂದಾಗ, ನೀವು ಹಳೆಯ ಪದ್ಧತಿಯವರೋ ಹೊಸ ಪದ್ಧತಿಯವರೋ ಎಂದು ಅದು ವಿಚಾರಿಸುವುದಿಲ್ಲ. ನಿಲ್ಲಿಸಿದ ವಿಮೆಯನ್ನು ಮತ್ತೆ ಹಿಡಿದರೆ, ಇದ್ದ ಕಾಯಿಲೆಗಳಿಗಾಗಿ ಕಾಯುವ ಅವಧಿಯು ಮೊದಲಿನಿಂದ ಆರಂಭವಾಗುವುದು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಆರೋಗ್ಯ ವಿಮೆಯ ಮೇಲಿದ್ದ ಶೇಕಡ 18ರ ಜಿಎಸ್‌ಟಿ ಸಂಪೂರ್ಣವಾಗಿ ರದ್ದಾಗಿದೆ; ಈ ನೆರವು ಯಾವ ಪದ್ಧತಿಯನ್ನೂ ನೋಡದೆ ಎಲ್ಲರಿಗೂ ಸಲ್ಲುವುದು.

ಕೃಷಿಯ ಆದಾಯದಿಂದಲೇ ಬಾಳುವವರಿಗೆ, ಮಾಗಡಿಯ ಅವರೆ ಬೆಳೆಗಾರನಿಗೆ, ಮಾವಿನ ತೋಪಿನ ಒಡೆಯನಿಗೆ, ಕೇಂದ್ರದ ಆದಾಯ ತೆರಿಗೆಯೇ ಇಲ್ಲವಾದ್ದರಿಂದ ಕಳೆತದ ಮಾತೂ ಇಲ್ಲ. ಅವರ ಬಾಗಿಲು ಬೇರೆ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರ ಕೊನೆಯಲ್ಲಿ ಮರಳಿ ನೋಂದಣಿ ತೆರೆದ ಯಶಸ್ವಿನಿ ಯೋಜನೆಯಲ್ಲಿ, ಗ್ರಾಮಾಂತರದ ಸಹಕಾರ ಸಂಘದ ಸದಸ್ಯನು ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ತೆತ್ತು, 5 ಲಕ್ಷದವರೆಗಿನ ಚಿಕಿತ್ಸೆಯ ರಕ್ಷಣೆ ಪಡೆಯುವ ಏರ್ಪಾಡಾಯಿತು. ಹಾಲಿನ ಡೇರಿಗೆ ದಿನವೂ ಎರಡು ಹೊತ್ತು ಹೋಗುವ ನಮ್ಮ ತಾಯಂದಿರು ಅದೇ ಡೇರಿಯ ಕಾರ್ಯದರ್ಶಿಯನ್ನು ಈ ವಿಷಯ ಕೇಳಿ ತಿಳಿಯಬೇಕೆಂದು ನನ್ನ ಬಿನ್ನಹ. ರೇಷ್ಮೆ ಬೆಳೆಗಾರರು ಮಾತ್ರ ಒಂದನ್ನು ನೆನಪಿಡಬೇಕು: ಹಿಪ್ಪುನೇರಳೆ ಬೆಳೆಯುವುದು ಕೃಷಿಯೇ ಆದರೂ, ಆ ಸೊಪ್ಪನ್ನು ಹುಳುವಿಗೆ ಉಣಿಸಿ ಗೂಡನ್ನು ಮಾರಿ ಬಂದ ಆದಾಯವು ಕೃಷಿಯ ಆದಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ತೀರ್ಪಿತ್ತಿದೆ.

ರೇಷ್ಮೆಯ ಮಾತು ಬಂದುದರಿಂದ, ನನ್ನ ಹೃದಯಕ್ಕೆ ಅತ್ಯಂತ ಸಮೀಪವಾದ ಮಾತನ್ನು ಕೊನೆಗೆ ಹೇಳುತ್ತೇನೆ. ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಿಂದ ಹೊರಟ ಗೂಡು, ನೂಲು ಬಿಚ್ಚುವ ಘಟಕಗಳನ್ನು ಸೇರಿ, ಕುದಿಯುವ ನೀರಿನಲ್ಲಿ ಬೇಯುತ್ತದೆ. ಆ ಬಿಸಿನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆರಳಾಡಿಸಿ ಎಳೆ ಹುಡುಕುವ ಹೆಣ್ಣುಮಕ್ಕಳ ಕೈಗಳು ಬಿರಿದಿರುವುದನ್ನೂ, ಹಬೆಯಲ್ಲಿ ನಿಂತವರ ಕೆಮ್ಮನ್ನೂ ಕಂಡವರು ಮರೆಯಲಾರರು. ಚನ್ನಪಟ್ಟಣದ ಗೊಂಬೆಯ ಕಾರ್ಖಾನೆಗಳಲ್ಲಿ ಮರದ ಹುಡಿಯ ನಡುವೆ ತಿರುಗಣೆಯ ಮುಂದೆ ಕುಳಿತವರದೂ ಇಂತಹುದೇ ಶ್ರಮ. ಇಂಥ ಕೆಲಸಗಾರರ ಆರೋಗ್ಯ ವಿಮೆಗಾಗಿ ಮಾಲೀಕನು ನಗದಲ್ಲದ ಮಾರ್ಗದಿಂದ ತೆತ್ತ ಪ್ರೀಮಿಯಂ ಹಣವು, 1961ರ ಕಾಯ್ದೆಯ ಸೆಕ್ಷನ್ 36ರ ಮೇರೆಗೆ, ವ್ಯಾಪಾರದ ವೆಚ್ಚವಾಗಿಯೇ ಲಾಭದಿಂದ ಕಳೆಯುತ್ತದೆ. ಮತ್ತು ಇದಕ್ಕೆ ಹೊಸ ಪದ್ಧತಿಯೂ ಅಡ್ಡಿಮಾಡುವುದಿಲ್ಲ. ಮಾಲೀಕನು ಹೊಸ ಪದ್ಧತಿಯಲ್ಲಿದ್ದರೆ ತನ್ನ ಸ್ವಂತ ಸಂಸಾರದ ವಿಮೆಗೆ ತೆತ್ತದ್ದನ್ನು ಕಳೆಯಲಾರನು. ತನಗಾಗಿ ದುಡಿಯುವವರ ವಿಮೆಗೆ ತೆತ್ತದ್ದನ್ನು ಕಳೆಯಬಲ್ಲನು. ತನ್ನವರ ಮುಂದೆ ಮುಚ್ಚಿದ ಬಾಗಿಲು ಕೆಲಸಗಾರರ ಮುಂದೆ ತೆರೆದೇ ಇದೆಯೆಂಬುದನ್ನು ನಮ್ಮ ರೀಲರುಗಳೂ ಗೊಂಬೆಯ ತಯಾರಕರೂ ಒಮ್ಮೆ ತಮ್ಮ ಆಡಿಟರೊಡನೆ ಕುಳಿತು ಆಲೋಚಿಸಿದರೆ, ಎಷ್ಟೋ ಬಿರಿದ ಕೈಗಳಿಗೆ ಆಸರೆ ದೊರೆಯುವುದು.

ಮಾರ್ಚ್ 31 ಬರುವ ಮುನ್ನ, ಇಂದಿನ ರಾತ್ರಿಯೇ ಸಾಧ್ಯವಾದರೆ, ಆ ತಗಡಿನ ಪೆಟ್ಟಿಗೆಯನ್ನು ತೆರೆಯಿರಿ. ಕಂದಾಯದ ರಸೀತಿಗಳ ಕಟ್ಟಿನ ಪಕ್ಕದಲ್ಲಿ ಇನ್ನೊಂದು ಕಟ್ಟಿಗೆ ಜಾಗ ಮಾಡಿ, ಅದರಲ್ಲಿ ಅಪ್ಪನ ವಿಮೆಯ ಪತ್ರವನ್ನೂ, ಅಮ್ಮನ ಮಾತ್ರೆಯ ಬಿಲ್ಲುಗಳನ್ನೂ, ತೆತ್ತ ಹಣದ ಗುರುತುಗಳನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿಡಿರಿ. ಭೂಮಿಯನ್ನು ಉಳಿಸಿಕೊಂಡೆವೆಂಬುದಕ್ಕೆ ಹಿರಿಯರು ಸಾಕ್ಷಿಯನ್ನಿಟ್ಟರು. ಹಿರಿಯರನ್ನು ಉಳಿಸಿಕೊಂಡೆವೆಂಬುದಕ್ಕೆ ನಾವು ಸಾಕ್ಷಿಯನ್ನಿಡೋಣ.